ಬಲ ಯಾರಿಗೆ, ಬೆಲೆ ಯಾರಿಗೆ?

ದೆವ್ವದ ಚಿತ್ರ, ಮಾಯಾಲೋಕದ ಚಿತ್ರ, ಸೂಪರ್‌ಹೀರೊ ಚಿತ್ರ: ಈ ಮೂರೂ ನಮ್ಮ ಗಂಭೀರ ವಿಮರ್ಶೆಯ ಪಂಕ್ತಿಯಲ್ಲಿ ಎಲೆ ಸಿಗದ ಅತಿಥಿಗಳು. ಮಕ್ಕಳಿಗೆ ಸರಿ, ರಜೆಯಲ್ಲಿ ಹೊತ್ತು ಕಳೆಯಲು ಸರಿ ಎಂದು ಅವನ್ನು ಬದಿಗೆ ಸರಿಸುವುದು ರೂಢಿಯಾಗಿದೆ. ಸಾಮಾಜಿಕ ಚಿತ್ರಕ್ಕೆ ಕೇಳುವ ಪ್ರಶ್ನೆಗಳನ್ನು ಇವಕ್ಕೆ ಯಾರೂ ಕೇಳುವುದಿಲ್ಲ. ಗ್ರಾಫಿಕ್ಸ್ ಚೆನ್ನಾಗಿತ್ತೇ, ಎಷ್ಟು ಸಲ ಬೆಚ್ಚಿಬಿದ್ದೆವು, ಹೊಡೆದಾಟ ಹೇಗಿತ್ತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈಚೆಗೆ ಒಂದು ವಾರ ಪೂರ್ತಿ ಈ ಬಗೆಯ ಚಿತ್ರಗಳನ್ನೇ ಬೆನ್ನುಬೆನ್ನಿಗೆ ನೋಡಿದೆ. ಕೆಲವು ಹೊಸವು, ಕೆಲವು ಮತ್ತೆ ನೋಡಿದವು. ಹಾಗೆ ಒಟ್ಟಿಗೆ ನೋಡಿದಾಗ ಈ ಮೂರು ಪ್ರಕಾರಗಳ ನಡುವಿನ ಗೋಡೆ ತೆಳುವಾಯಿತು.

ಮೂರರ ವಸ್ತುವೂ ಒಂದೇ: ಮನುಷ್ಯನ ಅಳತೆಗೆ ಮೀರಿದ ಬಲ. ಹಾರರ್ ಆ ಬಲವನ್ನು ಅದರ ಕಾಲಡಿಗೆ ಸಿಕ್ಕವರ ಕಣ್ಣಿನಿಂದ ನೋಡುತ್ತದೆ. ಸೂಪರ್‌ಹೀರೊ ಚಿತ್ರ ಅದೇ ಬಲವನ್ನು ಹೊಂದಿದವನ ಹೆಗಲ ಮೇಲೆ ಕೂತು ನೋಡುತ್ತದೆ. ಫ್ಯಾಂಟಸಿಯಲ್ಲಿ ಬಲವಿಲ್ಲದವರು ಬಲದ ಕನಸು ಕಾಣುತ್ತಾರೆ. ಆದ್ದರಿಂದ ಮೂರಕ್ಕೂ ಕೇಳಬೇಕಾದ ಪ್ರಶ್ನೆಯೂ ಒಂದೇ ಎಂದು ನನಗನ್ನಿಸುತ್ತದೆ. ಈ ಬಲ ಯಾರ ಕೈಗೆ ಬಂತು, ಅದರ ಬೆಲೆಯನ್ನು ಯಾರು ತೆತ್ತರು, ಚಿತ್ರ ಆ ಬೆಲೆ ತೆತ್ತವರ ಮುಖವನ್ನು ನಮಗೆ ತೋರಿಸಿತೇ? ಈ ಪ್ರಶ್ನೆಗೆ ಉತ್ತರ ಕೊಟ್ಟ ಚಿತ್ರಗಳು ಕಡಿಮೆ ಹಣದಲ್ಲಿ ತಯಾರಾದರೂ ನಿಲ್ಲುತ್ತವೆ. ಕೊಡದ ಚಿತ್ರಗಳು ಎಷ್ಟು ಖರ್ಚು ಮಾಡಿದರೂ ಬೇಗ ಮರೆತುಹೋಗುತ್ತವೆ.

‘ಕಾಂತಾರ’ವನ್ನು ಈ ಸಾಲಿಗೆ ಸೇರಿಸಿಲ್ಲ. ಭೂಮಿ ಮತ್ತು ಅಧಿಕಾರದ ಪ್ರಶ್ನೆ ಅದರಲ್ಲೂ ಇದೆ, ನಿಜ. ಆದರೆ ದೈವಾರಾಧನೆ ತುಳುನಾಡಿನ ಜೀವಂತ ನಂಬಿಕೆ. ಅದನ್ನು ಕಲ್ಪಿತ ಮಾಯಾಲೋಕಗಳ ಜೊತೆಗಿಟ್ಟು ತೂಗುವುದು ಸರಿಯಲ್ಲ.

ಮೊದಲು ‘ಭ್ರಮಯುಗಂ’. ರಾಹುಲ್ ಸದಾಶಿವನ್ ನಿರ್ದೇಶನದ ಈ ಮಲಯಾಳಂ ಚಿತ್ರ ಬಂದದ್ದು 2024ರಲ್ಲಿ, ಇಡಿಯಾಗಿ ಕಪ್ಪು-ಬಿಳುಪಿನಲ್ಲಿ. ಹದಿನೇಳನೆಯ ಶತಮಾನದ ಮಲಬಾರ್. ಪೋರ್ಚುಗೀಸರ ಗುಲಾಮರ ವ್ಯಾಪಾರದಿಂದ ತಪ್ಪಿಸಿಕೊಂಡು ಓಡಿಬಂದ ತೇವನ್ ಎಂಬ ಹಾಡುಗಾರ, ಪಾಣನ್ ಜಾತಿಯವನು, ಕಾಡಿನ ನಡುವೆ ಪಾಳುಬಿದ್ದ ಮನೆಯೊಂದಕ್ಕೆ ಬಂದು ಸೇರುತ್ತಾನೆ. ಮನೆಯ ಯಜಮಾನ ಕೊಡುಮೊಣ್ ಪೋಟ್ಟಿ. ಆ ಪಾತ್ರದಲ್ಲಿ ಮಮ್ಮೂಟ್ಟಿ. ಮನೆಯಲ್ಲಿರುವ ಮತ್ತೊಬ್ಬ ಅಡುಗೆಯವನು. ಚಿತ್ರದ ಬಹುಪಾಲು ಈ ಮೂವರ ನಡುವೆಯೇ ನಡೆಯುತ್ತದೆ.

ಪೋಟ್ಟಿ ಬಂದವನನ್ನು ಗದರುವುದಿಲ್ಲ. ಹಾಡಿಸುತ್ತಾನೆ, ಮೆಚ್ಚುತ್ತಾನೆ, ಊಟಕ್ಕೆ ಕೂರಿಸುತ್ತಾನೆ. ಹಸಿದ ಹಾಡುಗಾರನಿಗೆ ಇದು ಕರುಣೆಯಂತೆ ಕಾಣುತ್ತದೆ. ಆಮೇಲೆ ಪಗಡೆ ಆಡೋಣ ಬಾ ಎನ್ನುತ್ತಾನೆ. ಪಣಕ್ಕಿಡಲು ತೇವನ್ ಬಳಿ ಏನೂ ಇಲ್ಲ, ಹಾಗಾಗಿ ತನ್ನ ಮುಂದಿನ ಕಾಲವನ್ನೇ ಇಡಬೇಕಾಗುತ್ತದೆ. ಸೋಲುತ್ತಾನೆ, ಆಳಾಗುತ್ತಾನೆ. ಜೀತಪದ್ಧತಿಯ ಒಳಸುಳಿಯನ್ನು ಒಂದು ಆಟದ ಮೂಲಕ ಇಷ್ಟು ನಿಖರವಾಗಿ ತೋರಿಸಿದ ದೃಶ್ಯ ನಮ್ಮ ಸಾಮಾಜಿಕ ಚಿತ್ರಗಳಲ್ಲೂ ವಿರಳ. ಒಪ್ಪಿಗೆಯಿಂದಲೇ ಆದದ್ದು ಎಂಬ ನೆಪ ಯಜಮಾನನಿಗೆ ಸಿಗುತ್ತದೆ. ಒಪ್ಪದೆ ಬೇರೆ ದಾರಿಯೇ ಇರಲಿಲ್ಲ ಎಂಬ ಸತ್ಯ ಆಳಿನ ಎದೆಯಲ್ಲಿ ಉಳಿಯುತ್ತದೆ.

ಶಹನಾದ್ ಜಲಾಲ್ ಅವರ ಛಾಯಾಗ್ರಹಣ ಇಲ್ಲಿ ಅಲಂಕಾರಕ್ಕೆ ನಿಂತಿಲ್ಲ. ಬಣ್ಣವಿಲ್ಲದ್ದರಿಂದ ಹಗಲು ಯಾವುದು, ಸಂಜೆ ಯಾವುದು ಎಂದು ತೇವನ್‌ಗೂ ನಮಗೂ ತಿಳಿಯದು. ಮಳೆ ನಿಲ್ಲುವುದಿಲ್ಲ, ದಿನಗಳ ಲೆಕ್ಕ ತಪ್ಪುತ್ತದೆ. ದಿಗಿಲು ಹುಟ್ಟುವುದು ಅಲ್ಲಿಂದ. ಬಾಗಿಲ ಮರೆಯಿಂದ ಯಾರೋ ಹಾರಿಬರುವ ಅಗ್ಗದ ತಂತ್ರ ಇಲ್ಲಿ ಬೇಕಾಗಿಲ್ಲ. ಮಮ್ಮೂಟ್ಟಿ ಮೆಲ್ಲಗೆ ನಕ್ಕರೆ ಸಾಕು. ಚಾತನ್ ಎಂಬ ಮಾಯಾಶಕ್ತಿ ಯಾರ ಮೈಯಲ್ಲಿದೆ ಎಂಬುದು ಕಥೆಯ ಗುಟ್ಟು. ಆದರೆ ಚಿತ್ರದ ನಿಜವಾದ ಮಾತು ಕೊನೆಯ ಭಾಗದಲ್ಲಿದೆ. ಯಜಮಾನನನ್ನು ಬೀಳಿಸಲು ಕೈಜೋಡಿಸಿದವರೇ ಅಧಿಕಾರದ ಉಂಗುರ ಕಣ್ಣಿಗೆ ಬಿದ್ದ ಕ್ಷಣ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಪೀಠದ ಮೇಲಿರುವವನು ಬದಲಾದರೂ ಪೀಠ ಉಳಿದರೆ ಕೆಳಗಿದ್ದವರ ಪಾಡು ಬದಲಾಗದು ಎಂಬುದನ್ನು ಚಿತ್ರ ಭಾಷಣವಿಲ್ಲದೆ ಹೇಳುತ್ತದೆ. ಆ ವಾರ ನೋಡಿದ ಚಿತ್ರಗಳಲ್ಲಿ ಅತ್ಯಂತ ಪ್ರಬುದ್ಧವಾದದ್ದು ಇದು ಎಂದು ನನ್ನ ತೀರ್ಮಾನ.

ಇದರ ಪಕ್ಕಕ್ಕೆ ಇಟ್ಟು ನೋಡಬೇಕಾದದ್ದು 2018ರ ಹಿಂದಿ ಚಿತ್ರ ‘ತುಂಬಾಡ್’. ರಾಹಿ ಅನಿಲ್ ಬರ್ವೆ ನಿರ್ದೇಶನ, ಸೋಹಂ ಶಾ ಮುಖ್ಯ ಪಾತ್ರ. 1918, 1933, 1947 ಎಂಬ ಮೂರು ಘಟ್ಟಗಳಲ್ಲಿ ಒಂದು ಮನೆತನದ ಆಸೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದನ್ನು ಅದು ತೋರಿಸುತ್ತದೆ. ಹಸ್ತರ್ ಎಂಬ ಶಾಪಗ್ರಸ್ತ ದೇವತೆಯ ಬಳಿ ಬಂಗಾರವಿದೆ, ಆದರೆ ಅವನು ಹಸಿದಿದ್ದಾನೆ. ಹಿಟ್ಟಿನ ಬೊಂಬೆಯ ಆಮಿಷ ಒಡ್ಡಿ ಅವನ ನಾಣ್ಯ ಕದಿಯುವುದನ್ನು ಅಪ್ಪ ಮಗನಿಗೆ ಕುಲಕಸುಬಿನಂತೆ ಕಲಿಸುತ್ತಾನೆ. ಭಯ ಬಾವಿಯ ತಳದ ಭೂತದಿಂದ ಬರುವುದಕ್ಕಿಂತ ಹೆಚ್ಚಾಗಿ, ಅಪ್ಪ ಮಗನಿಗೆ ಹೇಳಿಕೊಡುವ ಆ ಪಾಠದಿಂದ ಬರುತ್ತದೆ. ಮೊದಲ ಬಿಡುಗಡೆಯಲ್ಲಿ ದೊಡ್ಡ ಗೆಲುವು ಕಾಣದ ಈ ಚಿತ್ರ 2024ರಲ್ಲಿ ಮರುಬಿಡುಗಡೆಯಾದಾಗ ಮೊದಲಿಗಿಂತ ಹೆಚ್ಚು ಗಳಿಸಿತು. ಒಳ್ಳೆಯ ಹಾರರ್‌ಗೆ ನಮ್ಮಲ್ಲಿ ಪ್ರೇಕ್ಷಕರಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಫ್ಯಾಂಟಸಿಗೆ ಬಂದರೆ, ಗಿಯೆರ್ಮೊ ದೆಲ್ ತೊರೊ ಅವರ 2006ರ ‘ಪ್ಯಾನ್ಸ್ ಲ್ಯಾಬಿರಿಂತ್’ ಮುಂದೆ ನಿಲ್ಲಬಲ್ಲ ಚಿತ್ರಗಳು ಹೆಚ್ಚಿಲ್ಲ. ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. ಅಂತರ್ಯುದ್ಧ ಮುಗಿದಿದೆ, ಫ್ರಾಂಕೋನ ಸರ್ವಾಧಿಕಾರ ಬೇರೂರಿದೆ, ಗುಡ್ಡಗಳಲ್ಲಿ ಇನ್ನೂ ಬಂಡುಕೋರರಿದ್ದಾರೆ. ಅವರನ್ನು ಹೊಸಕಿಹಾಕಲು ಬಂದಿರುವ ಕ್ಯಾಪ್ಟನ್ ವಿದಾಲ್‌ನನ್ನು ಒಫೀಲಿಯಾ ಎಂಬ ಹುಡುಗಿಯ ತಾಯಿ ಮರುಮದುವೆಯಾಗಿದ್ದಾಳೆ, ಈಗ ತುಂಬುಗರ್ಭಿಣಿ. ಪುಸ್ತಕದ ಹುಳುವಾದ ಹುಡುಗಿಗೆ ಹಳೆಯ ಕಲ್ಲಿನ ಚಕ್ರವ್ಯೂಹದಲ್ಲಿ ಮೇಕೆಯ ಕೊಂಬಿನ ಫಾನ್ ಎಂಬ ಮಾಯಾವಿ ಎದುರಾಗುತ್ತಾನೆ. ನೀನು ಪಾತಾಳದ ರಾಜಕುಮಾರಿ, ಮೂರು ಪರೀಕ್ಷೆ ಗೆದ್ದರೆ ನಿನ್ನ ರಾಜ್ಯ ನಿನಗೆ ಎನ್ನುತ್ತಾನೆ.

ಮಾಯಾಲೋಕ ಇಲ್ಲಿ ಕ್ರೌರ್ಯದಿಂದ ಓಡಿಹೋಗುವ ಜಾಗವಾಗಿದ್ದರೆ ಇದು ಸಾಧಾರಣ ಚಿತ್ರವಾಗುತ್ತಿತ್ತು. ದೆಲ್ ತೊರೊ ಎರಡೂ ಲೋಕಗಳನ್ನು ಒಂದರೊಳಗೊಂದು ನೇಯ್ದಿದ್ದಾರೆ. ವಿದಾಲ್ ಊಟದ ಮೇಜಿನ ತಲೆಗೆ ಕೂತು, ಕುಟುಂಬಕ್ಕೆ ಒಂದೊಂದೇ ಪಡಿತರ ಚೀಟಿ ಸಾಕು ಎಂದು ಅಪ್ಪಣೆ ಕೊಡುತ್ತಾನೆ, ಅವನ ಮುಂದೆ ಭಕ್ಷ್ಯಗಳ ರಾಶಿ. ಮುಂದೆ ಮಾಯಾಲೋಕದಲ್ಲಿ ಅಂಗೈಯಲ್ಲಿ ಕಣ್ಣಿಟ್ಟುಕೊಂಡ ಬಿಳಿಚ ರಾಕ್ಷಸ ಹಾಗೆಯೇ ಮೇಜಿನ ತಲೆಗೆ, ಹಾಗೆಯೇ ಬೆಂಕಿಗೂಡಿಗೆ ಬೆನ್ನು ಹಾಕಿ, ಹಾಗೆಯೇ ತುಂಬಿದ ತಟ್ಟೆಗಳ ಮುಂದೆ ಕೂತಿರುತ್ತಾನೆ. ಸುತ್ತ ಮಕ್ಕಳ ಬೂಟುಗಳು. ಹೋಲಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಚೌಕಟ್ಟೇ ಹೇಳುತ್ತದೆ. ಫಾನ್ ಮತ್ತು ಆ ರಾಕ್ಷಸ ಎರಡೂ ಪಾತ್ರಗಳಲ್ಲಿ ಡಗ್ ಜೋನ್ಸ್ ಎಂಬ ಒಬ್ಬನೇ ನಟ ಇದ್ದಾನೆ. ದಾರಿ ತೋರುವವನನ್ನೂ ಸುಲಭಕ್ಕೆ ನಂಬಲಾಗದು ಎಂಬ ಅಳುಕನ್ನು ಇದು ಇನ್ನಷ್ಟು ಗಟ್ಟಿ ಮಾಡುತ್ತದೆ.

ಚಿತ್ರದ ತಿರುಳು ಇರುವುದು ಅವಿಧೇಯತೆಯಲ್ಲಿ. ಯೋಚಿಸದೆ ಆಜ್ಞೆ ಪಾಲಿಸುವುದು ನಿನ್ನಂಥವರಿಗೆ ಮಾತ್ರ ಸಾಧ್ಯ ಎಂಬರ್ಥದ ಮಾತನ್ನು ವೈದ್ಯನೊಬ್ಬ ವಿದಾಲ್‌ನ ಮುಖಕ್ಕೇ ಹೇಳಿ ಗುಂಡಿಗೆ ಬಲಿಯಾಗುತ್ತಾನೆ. ಕೊನೆಯ ಪರೀಕ್ಷೆಯಲ್ಲಿ ಒಫೀಲಿಯಾಳಿಗೂ ಅದೇ ಸಂದರ್ಭ ಬರುತ್ತದೆ: ಪುಟ್ಟ ತಮ್ಮನ ಒಂದೆರಡು ಹನಿ ರಕ್ತ ಕೊಟ್ಟರೆ ರಾಜ್ಯ. ಅವಳು ಕೊಡುವುದಿಲ್ಲ, ತಾನೇ ಬೆಲೆ ತೆರುತ್ತಾಳೆ. ಬಲದ ಕನಸು ಕಂಡ ಮಗು ಆ ಬಲವನ್ನು ಇನ್ನೊಬ್ಬರ ನೋವಿನ ಮೇಲೆ ಕೊಳ್ಳಲು ಒಲ್ಲೆ ಎಂದಿತು. ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ಪ್ರಸಾಧನಕ್ಕಾಗಿ ಈ ಚಿತ್ರಕ್ಕೆ ಮೂರು ಆಸ್ಕರ್ ಬಂದಿವೆ. ಆದರೆ ಅದನ್ನು ದೊಡ್ಡದಾಗಿಸಿರುವುದು ಈ ನೈತಿಕ ಹಟ.

ಇಷ್ಟು ಕತ್ತಲೆಯ ಪಕ್ಕದಲ್ಲಿ 1957ರ ‘ಮಾಯಾಬಜಾರ್’ ನೋಡಿದರೆ ಫ್ಯಾಂಟಸಿಗೆ ನಗುವ ಶಕ್ತಿಯೂ ಇದೆ ಎಂದು ಗೊತ್ತಾಗುತ್ತದೆ. ಕೆ.ವಿ. ರೆಡ್ಡಿ ನಿರ್ದೇಶಿಸಿದ ಈ ಚಿತ್ರ ತೆಲುಗು ಮತ್ತು ತಮಿಳಿನಲ್ಲಿ ತಯಾರಾಯಿತು. ಇದು ಮಹಾಭಾರತದ ಬಳಗದ ಕಥೆ, ಆದರೆ ತೆರೆಯ ಮೇಲೆ ಪಾಂಡವರು ಬರುವುದೇ ಇಲ್ಲ. ಬಲರಾಮ ತಂಗಿಗೆ ಕೊಟ್ಟ ಮಾತಿದೆ: ಮಗಳು ಶಶಿರೇಖೆಯನ್ನು ಅಭಿಮನ್ಯುವಿಗೆ ಕೊಡುವುದು. ಪಾಂಡವರು ಎಲ್ಲ ಕಳೆದುಕೊಂಡ ಮೇಲೆ ಆ ಮಾತು ತೂಕ ಕಳೆದುಕೊಳ್ಳುತ್ತದೆ, ಸಂಬಂಧ ದುರ್ಯೋಧನನ ಮನೆಯತ್ತ ವಾಲುತ್ತದೆ. ಬಡವರಾದ ನೆಂಟರನ್ನು ಮರೆಯುವ ಈ ಸ್ವಭಾವ ಯಾವ ಕುಟುಂಬಕ್ಕೆ ಗೊತ್ತಿಲ್ಲ? ಆಗ ಹುಡುಗಿಯ ಇಷ್ಟದ ಪರವಾಗಿ ನಿಲ್ಲುವವನು ಕಾಡಿನ ಘಟೋತ್ಕಚ. ಮಾಯೆಯ ಅಷ್ಟೂ ಬಲ ಇಲ್ಲಿ ಖರ್ಚಾಗುವುದು ಅಹಂಕಾರಿಗಳನ್ನು ನಗೆಪಾಟಲು ಮಾಡಲು. ಯಾರ ಜೀವವೂ ಹೋಗುವುದಿಲ್ಲ.

ಮಾರ್ಕಸ್ ಬಾರ್ಟ್ಲಿ ಅವರ ಕ್ಯಾಮೆರಾ ಕೈಚಳಕಕ್ಕೆ ಇಂದಿಗೂ ಬೆರಗಾಗಬೇಕು. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಕೂತಲ್ಲೇ ಬಾಯಿ ತೆರೆದರೆ ಲಡ್ಡುಗಳು ತಾವಾಗಿ ಹಾರಿಬಂದು ಬೀಳುತ್ತವೆ. ಕಂಪ್ಯೂಟರ್ ಇಲ್ಲದ ಕಾಲದ ಆ ದೃಶ್ಯ ಮಕ್ಕಳನ್ನು ಈಗಲೂ ಹಿಡಿದಿಡುತ್ತದೆ. ಅದಕ್ಕಿಂತ ದೊಡ್ಡ ಮಾಯೆ ಸಾವಿತ್ರಿಯವರದು. ಶಶಿರೇಖೆಯ ವೇಷದಲ್ಲಿರುವ ಘಟೋತ್ಕಚನನ್ನು ಅವರು ನಡಿಗೆಯಲ್ಲಿ, ಹುಬ್ಬಿನಲ್ಲಿ, ಥಟ್ಟನೆ ಬರುವ ಗಂಡು ಠೀವಿಯಲ್ಲಿ ತೋರಿಸುತ್ತಾರೆ. ನಟನೆ ಗಟ್ಟಿಯಿದ್ದರೆ ತಾಂತ್ರಿಕ ಚಮತ್ಕಾರ ಅದಕ್ಕೆ ಒದಗಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ಸೂಪರ್‌ಹೀರೊಗಳು. ನನ್ನ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಹಾಲಿವುಡ್ ಚಿತ್ರ 2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’. ಲೋಕ ಉಳಿಸುವ ಹೊಡೆದಾಟದಲ್ಲಿ ಸತ್ತ ತನ್ನ ಮಗನ ಬಗ್ಗೆ ತಾಯಿಯೊಬ್ಬಳು ಸೂಪರ್‌ಹೀರೊ ಟೋನಿ ಸ್ಟಾರ್ಕ್‌ನನ್ನು ತಡೆದು ಕೇಳುತ್ತಾಳೆ. ಮಹಾಬಲರಿಗೆ ಕಡಿವಾಣ ಬೇಕು ಎಂದು ವಿಶ್ವಸಂಸ್ಥೆಯ ಮಟ್ಟದಲ್ಲಿ ಒಪ್ಪಂದವೊಂದು ಬರುತ್ತದೆ. ಚಿತ್ರದ ಮೊದಲ ಅರ್ಧದಲ್ಲಿ ನಾನು ನಿಜಕ್ಕೂ ಬೆನ್ನು ನೆಟ್ಟಗೆ ಮಾಡಿ ಕೂತೆ. ಆದರೆ ನಿರ್ದೇಶಕರಾದ ರುಸ್ಸೊ ಸಹೋದರರು ಅಷ್ಟು ದೊಡ್ಡ ಪ್ರಶ್ನೆಯನ್ನು ಇಬ್ಬರು ಗೆಳೆಯರ ಮನಸ್ತಾಪಕ್ಕೆ ಇಳಿಸಿಬಿಡುತ್ತಾರೆ. ಖಾಲಿ ಮಾಡಿಸಿದ ವಿಮಾನ ನಿಲ್ದಾಣದಲ್ಲಿ ವೀರರು ವೀರರೊಂದಿಗೆ ಸೆಣಸುತ್ತಾರೆ. ಆ ತಾಯಿ ಮತ್ತೆ ಬರುವುದಿಲ್ಲ. ಆ ಹೊಡೆದಾಟ ನಡೆದ ಸೊಕೋವಿಯಾದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡ ಜೆಮೊ ಬರುತ್ತಾನೆ, ಆದರೆ ಖಳನಾಗಿ. ನೊಂದವನ ಪ್ರಶ್ನೆ ಹೀಗೆ ಖಳನ ಬಾಯಿಗೆ ಸೇರಿದರೆ ಅದರ ನ್ಯಾಯ ಮಸುಕಾಗುತ್ತದೆ. ಹೆಗಲ ಮೇಲೆ ಕೂತ ಕ್ಯಾಮೆರಾ ಕೆಳಗಿಳಿದು ನೋಡಲು ಒಪ್ಪಲಿಲ್ಲ.

ಅದನ್ನು ಒಪ್ಪಿದ್ದು ಕೇರಳದ ಒಂದು ಚಿಕ್ಕ ಊರು. ಬೇಸಿಲ್ ಜೋಸೆಫ್ ನಿರ್ದೇಶನದ ‘ಮಿನ್ನಲ್ ಮುರಳಿ’ 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕುರುಕ್ಕನ್‌ಮೂಲ ಎಂಬ ಕಲ್ಪಿತ ಊರಿನಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿಯುತ್ತದೆ. ಒಬ್ಬ ಅಮೆರಿಕಕ್ಕೆ ಹೋಗುವ ಆಸೆಯ ಟೈಲರ್ ಜೈಸನ್, ಟೊವಿನೊ ಥಾಮಸ್ ಮಾಡಿದ ಪಾತ್ರ. ಇನ್ನೊಬ್ಬ ಚಹಾದಂಗಡಿಯಲ್ಲಿ ದುಡಿಯುವ ಶಿಬು, ಗುರು ಸೋಮಸುಂದರಂ ಮಾಡಿದ ಪಾತ್ರ. ಇಬ್ಬರಿಗೂ ಒಂದೇ ಬಲ ಬರುತ್ತದೆ. ಒಬ್ಬ ನಾಯಕನಾಗುತ್ತಾನೆ, ಒಬ್ಬ ಖಳನಾಗುತ್ತಾನೆ. ಯಾಕೆ?

ಚಿತ್ರದ ಉತ್ತರ ಸ್ಪಷ್ಟ: ಊರು ಅವರನ್ನು ನಡೆಸಿಕೊಂಡ ರೀತಿ. ಜೈಸನ್‌ಗೆ ಸಾಕಿ ಬೆಳೆಸಿದ ಮನೆಯಿದೆ, ಕಾಮಿಕ್ಸ್ ಓದಿ ಅವನಿಗೆ ದಾರಿ ಹೇಳುವ ಪುಟ್ಟ ಹುಡುಗನಿದ್ದಾನೆ. ಶಿಬುವಿಗೆ ಹುಚ್ಚ ಎಂಬ ಪಟ್ಟ ಬಿಟ್ಟರೆ ಏನೂ ಇಲ್ಲ. ಅವನಿಗಿದ್ದದ್ದು ಉಷಾಳ ಮೇಲಿನ ಬಹುಕಾಲದ ಪ್ರೀತಿ ಒಂದೇ. ಕಾಯಿಲೆಯ ಮಗುವಿನೊಂದಿಗೆ ತವರಿಗೆ ಬಂದ ಉಷಾ ಕೊನೆಗೊಮ್ಮೆ ಅವನ ಪ್ರೀತಿಗೆ ಒಪ್ಪಿದಾಗ ಸೋಮಸುಂದರಂ ಅಳುತ್ತಾರೆ, ನಗುತ್ತಾರೆ, ಎರಡೂ ಬೇರ್ಪಡದಂತೆ ಮುಖದಲ್ಲಿ ಬೆರೆಯುತ್ತವೆ. ಸೂಪರ್‌ಹೀರೊ ಪ್ರಕಾರದಲ್ಲಿ ನಾನು ಕಂಡ ಅತ್ಯುತ್ತಮ ನಟನೆ ಅದು. ಉಷಾ ಇದ್ದ ಮನೆಗೆ ಬೆಂಕಿ ಇಡುವವರು ಊರಿನವರೇ. ಶಿಬು ಮಾಡಿದ ಕೊಲೆಗಳನ್ನು ಚಿತ್ರ ಮನ್ನಿಸುವುದಿಲ್ಲ, ಆದರೆ ಅವನನ್ನು ಅಲ್ಲಿಗೆ ತಂದ ಕೈಗಳನ್ನೂ ಮರೆಮಾಚುವುದಿಲ್ಲ.

ಜೈಸನ್ ಕೂಡ ತನ್ನ ಬಲವನ್ನು ಮೊದಲು ಬಳಸುವುದು ಪೊಲೀಸರ ಮೇಲಿನ ಸ್ವಂತ ಸಿಟ್ಟು ತೀರಿಸಿಕೊಳ್ಳಲು. ಊರಿಗಾಗಿ ನಿಲ್ಲುವ ಬುದ್ಧಿ ಅವನಿಗೆ ನಿಧಾನವಾಗಿ ಬರುತ್ತದೆ. ಕೊನೆಯ ಹೊಡೆದಾಟ ತುಸು ಉದ್ದವಾಯಿತು. ಕರಾಟೆ ಕಲಿಸುವ ಬ್ರೂಸ್ ಲೀ ಬಿಜಿಯ ಪಾತ್ರವನ್ನು ಇನ್ನಷ್ಟು ಬೆಳೆಸಬಹುದಿತ್ತು. ಈ ಕೊರತೆಗಳ ನಡುವೆಯೂ ಚಿತ್ರ ಗೆಲ್ಲುವುದು ಅದರ ಊರಿನಿಂದ. ದರ್ಜಿಯಂಗಡಿ, ಚಹಾದಂಗಡಿ, ಕ್ರಿಸ್‌ಮಸ್, ಪೊಲೀಸ್ ಠಾಣೆ ಎಲ್ಲವೂ ಮೊದಲು ನಿಜವಾಗಿರುವುದರಿಂದ ಆಮೇಲೆ ಬೀಳುವ ಸಿಡಿಲೂ ನಿಜವಾಗುತ್ತದೆ.

2025ರ ‘ಲೋಕಃ ಚಾಪ್ಟರ್ 1: ಚಂದ್ರ’ ಅದೇ ಮಲಯಾಳಂನಿಂದ ಬಂದದ್ದು, ಕಥೆಯ ಬಹುಭಾಗ ನಡೆಯುವುದು ಬೆಂಗಳೂರಿನಲ್ಲಿ. ಡೊಮಿನಿಕ್ ಅರುಣ್ ನಿರ್ದೇಶನ, ಕಲ್ಯಾಣಿ ಪ್ರಿಯದರ್ಶನ್ ನಾಯಕಿ. ಕೇರಳದ ದಂತಕಥೆಯ ಕಳ್ಳಿಯಂಕಾಟ್ಟ್ ನೀಲಿ ರಕ್ತ ಹೀರುವ ಯಕ್ಷಿ. ಈ ಚಿತ್ರ ಅವಳನ್ನು ರಾಜನ ದೌರ್ಜನ್ಯಕ್ಕೆ ತನ್ನ ಜನರನ್ನು ಕಳೆದುಕೊಂಡ ಬುಡಕಟ್ಟಿನ ಹುಡುಗಿಯಾಗಿ ಮರುಕಲ್ಪಿಸುತ್ತದೆ. ಊರಿನ ಕಥೆಯಲ್ಲಿ ಭಯವಾಗಿದ್ದವಳು ಇಲ್ಲಿ ನ್ಯಾಯವಾಗುತ್ತಾಳೆ. ಹಾರರ್‌ನ ಪಾತ್ರವೊಂದು ಸೂಪರ್‌ಹೀರೊ ಆಗುವ ಈ ತಿರುವು ಚಿತ್ರದ ನಿಜವಾದ ಸಾಧನೆ. ಗತಕಾಲದ ಆ ಭಾಗ ಬಹಳ ಚೆನ್ನಾಗಿದೆ.

ಬೆಂಗಳೂರಿನ ಭಾಗ ಅಷ್ಟು ಗಟ್ಟಿಯಿಲ್ಲ. ಇರುಳಿನ ದೀಪಗಳು, ಫ್ಲ್ಯಾಟುಗಳು, ಮಾದಕ ವಸ್ತು, ಅಂಗಾಂಗ ಕಳ್ಳಸಾಗಣೆಯ ಜಾಲ ಇವಿಷ್ಟೇ ನಗರವಾಗಿಬಿಡುತ್ತವೆ. ಇಲ್ಲಿ ಹುಟ್ಟಿ ಬೆಳೆದವರ ದಿನನಿತ್ಯದ ಬದುಕು ಚೌಕಟ್ಟಿನೊಳಗೆ ಬರುವುದು ಕಷ್ಟ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಇದ್ದ ಸಂಭಾಷಣೆಯೊಂದು ಕನ್ನಡಿಗರನ್ನು ನೋಯಿಸಿತು, ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿತು. ಆ ಮಾತು ಬರೆಯುವಾಗಲೇ ಯಾರಿಗೂ ಚುಚ್ಚದಿದ್ದದ್ದು ಚಿತ್ರ ಈ ನಗರವನ್ನು ಹೊರಗಿನಿಂದಷ್ಟೇ ನೋಡಿದೆ ಎಂಬುದರ ಗುರುತು. ಜೊತೆಗೆ ಮುಂದಿನ ಭಾಗಗಳಿಗೆ ಬಾಗಿಲು ತೆರೆದಿಡುವ ಅವಸರದಲ್ಲಿ ಅತಿಥಿ ಪಾತ್ರಗಳು ಒಂದೊಂದಾಗಿ ಬಂದು ಹೋಗುತ್ತವೆ, ನೀಲಿಯ ಕಥೆ ಹಿಂದೆ ಸರಿಯುತ್ತದೆ.

ಕೊನೆಗೆ ಕನ್ನಡ. ನಮ್ಮಲ್ಲಿ ದೆವ್ವದ ಚಿತ್ರ ಎಂದಾಗ ಹಿರಿಯರ ಬಾಯಿಗೆ ಮೊದಲು ಬರುವ ಹೆಸರು 1979ರ ‘ನಾ ನಿನ್ನ ಬಿಡಲಾರೆ’. ಹೆಣ್ಣು ದೆವ್ವವೊಂದು ಮೈ ಸೇರಿದ ಗಂಡಾಗಿ ಅನಂತ್‌ನಾಗ್ ತೋರಿದ ದೇಹಭಾಷೆ ಇಂದಿಗೂ ಮಾದರಿ. ಪರಿಹಾರ ಸಿಗುವುದು ಮಂತ್ರಾಲಯದ ಗುರುರಾಯರ ಕೃಪೆಯಿಂದ. ಭಯವನ್ನು ಭಕ್ತಿಯಿಂದ ಗೆಲ್ಲುವ ಆ ಕಥೆಯಲ್ಲಿ ದೆವ್ವವಾದ ಹೆಣ್ಣಿನ ಅಳಲನ್ನು ಕೇಳುವವರಿಲ್ಲ. ಅವಳು ಬಿಟ್ಟುಹೋದರೆ ಸಾಕು.

2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ಇದನ್ನು ತಿರುವಿಹಾಕಿತು. ಜೆ.ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರದಲ್ಲಿ ನಟಿಸಿದ ಈ ಚಿತ್ರದ ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ಕರಾವಳಿಯ ಒಂದು ಹಳ್ಳಿ. ತಾನು ಮಾಡಿದ ಕಿತಾಪತಿ ಬಯಲಾಗುವ ಭಯಕ್ಕೆ ಅಶೋಕ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಊರು ನಂಬುತ್ತದೆ. ದೆವ್ವಕ್ಕೆ ಹೆಸರು, ವಿಳಾಸ ಎರಡೂ ಸಿಗುತ್ತವೆ: ಸೋಮೇಶ್ವರದ ಸುಲೋಚನಾ. ಹಾಸ್ಯ ಅಲ್ಲಿಂದ ಏರುತ್ತಾ ಹೋಗುತ್ತದೆ. ಶನೀಲ್ ಗೌತಮ್ ಅವರ ರವಿ ಅಣ್ಣ ಊರಿನ ಎಲ್ಲರಿಗೂ ಧೈರ್ಯ ಹೇಳುವ ಹಿರಿಯ. ಅಂಥವನೂ ಕತ್ತಲಾದ ಮೇಲೆ ಅಳುಕುವುದನ್ನು ನೋಡಿ ನಗದೆ ಇರಲಾಗದು. ಮಂಗಳೂರು ಕಡೆಯ ಕನ್ನಡದ ಲಯ ಮಾತಿನಲ್ಲಿ ಎಲ್ಲೂ ಕೃತಕವಾಗುವುದಿಲ್ಲ.

ಆಮೇಲೆ ಸುಲೋಚನಾಳ ಮಗಳು ಭಾನು ಬರುತ್ತಾಳೆ. ಇಲ್ಲದ ದೆವ್ವದ ಹಿಂದೆ ಒಬ್ಬ ನಿಜವಾದ ಹೆಣ್ಣು, ಅವಳ ಮೇಲೆ ನಿಜವಾದ ದೌರ್ಜನ್ಯ ಇದೆ ಎಂದು ಅಶೋಕನಿಗೆ ಅರಿವಾಗುತ್ತದೆ. ತನ್ನನ್ನು ಉಳಿಸಿಕೊಳ್ಳಲು ಹೂಡಿದ ಸುಳ್ಳನ್ನು ಅವನು ಭಾನುವನ್ನು ಉಳಿಸಲು ಬಳಸುತ್ತಾನೆ. ಜೀವಂತ ಹೆಣ್ಣು ಹೇಳಿದರೆ ಕಿವಿಗೊಡದ ಸಮಾಜ ಸತ್ತ ಹೆಣ್ಣಿಗೆ ಹೆದರುತ್ತದೆ ಎಂಬ ಕಹಿಯನ್ನು ಇಷ್ಟು ನಗುವಿನ ನಡುವೆ ಹೇಳಿದ್ದು ದೊಡ್ಡ ಕೆಲಸ. ಒಂದು ತಕರಾರು ನನಗಿದೆ. ಗಂಡಸರ ಮೋಜು, ಕುಡಿತ, ಕೀಟಲೆಗಳಿಗೆ ಚಿತ್ರ ಧಾರಾಳವಾಗಿ ಸಮಯ ಕೊಡುತ್ತದೆ, ಭಾನುವಿನ ಸ್ವಂತ ಮಾತಿಗೆ ಕಡಿಮೆ. ಅವಳ ಬಿಡುಗಡೆಯಲ್ಲಿ ಅವಳ ಪಾಲು ಇನ್ನಷ್ಟು ಇರಬೇಕಿತ್ತು. ಇಷ್ಟಾದರೂ, ದೊಡ್ಡ ತಾರೆಯರ ಹೆಸರಿಲ್ಲದೆ, ಗ್ರಾಫಿಕ್ಸಿನ ಅಬ್ಬರವಿಲ್ಲದೆ ಥಿಯೇಟರ್ ತುಂಬಿಸಿದ ಈ ಚಿತ್ರ ಕನ್ನಡದ ಮುಂದಿನ ದಾರಿಯನ್ನು ತೋರಿಸಿದೆ.

ಕನ್ನಡದಲ್ಲೂ ದೊಡ್ಡ ಸೂಪರ್‌ಹೀರೊ ಚಿತ್ರ ಬರಬೇಕು ಎಂಬ ಆಸೆ ಈಗ ಎಲ್ಲೆಡೆ ಕೇಳುತ್ತದೆ. ಬರಲಿ. ಬರೆಯಲು ಕೂತವರು ಬಲ ಬಂದವನ ಉಡುಪಿಗಿಂತ ಮೊದಲು ಅವನ ಊರನ್ನು, ಅವನಿಂದ ನೋವು ತಿನ್ನುವವರನ್ನು, ಅವನನ್ನು ಪ್ರಶ್ನಿಸುವವರನ್ನು ಬರೆದುಕೊಳ್ಳಲಿ. ವಿಮರ್ಶಕರೂ ಈ ಚಿತ್ರಗಳಿಗೆ ರಿಯಾಯಿತಿ ಕೊಡುವುದನ್ನು ಬಿಟ್ಟು, ಉಳಿದವಕ್ಕೆ ಕೇಳುವ ಪ್ರಶ್ನೆಗಳನ್ನೇ ಕೇಳಲಿ. ನೋಡುವವರಿಗೆ ನನ್ನ ಮಾತು ಇಷ್ಟು: ಮನೆಮಕ್ಕಳೆಲ್ಲ ಸೇರಿ ನೋಡಲು ‘ಮಾಯಾಬಜಾರ್’ ಇದೆ. ‘ಪ್ಯಾನ್ಸ್ ಲ್ಯಾಬಿರಿಂತ್’ ಮಕ್ಕಳ ಕಥೆಯಂತೆ ಕಂಡರೂ ಅದರ ಹಿಂಸೆ ಮಕ್ಕಳಿಗೆ ತಕ್ಕದ್ದಲ್ಲ. ‘ಮಿನ್ನಲ್ ಮುರಳಿ’ ಮತ್ತು ‘ಸು ಫ್ರಮ್ ಸೋ’ ಗೆಳೆಯರೊಂದಿಗೆ ನೋಡಿ. ಒಂದೇ ಚಿತ್ರಕ್ಕೆ ಬಿಡುವಿದ್ದರೆ ‘ಭ್ರಮಯುಗಂ’ ಆರಿಸಿಕೊಳ್ಳಿ.